ಕಂಪ್ಯೂಟರ್ ರಿಪೇರಿಗೆ ಕೊಡುವ ಮುನ್ನ: ಯಂತ್ರ ಹೋಗಲಿ, ಮಾಹಿತಿ ಉಳಿಯಲಿ

ಲ್ಯಾಪ್‌ಟಾಪ್‌ನ ಪರದೆ ಒಡೆದಾಗ, ಕೀಬೋರ್ಡಿನ ಮೇಲೆ ನೀರು ಚೆಲ್ಲಿದಾಗ ಅಥವಾ ಬ್ಯಾಟರಿ ಉಬ್ಬಿಕೊಂಡಾಗ ನಮ್ಮ ಗಮನವೆಲ್ಲ ಕೆಟ್ಟುಹೋದ ಭಾಗದ ಮೇಲೆಯೇ ಇರುತ್ತದೆ. ಎಷ್ಟು ದಿನ ಹಿಡಿಯುತ್ತದೆ, ಎಷ್ಟು ಖರ್ಚಾಗುತ್ತದೆ ಎಂದು ವಿಚಾರಿಸುತ್ತೇವೆ. ಪಾಸ್‌ವರ್ಡ್ ಏನೆಂದು ರಿಪೇರಿಯವರು ಕೇಳಿದರೆ ಹಿಂದುಮುಂದು ನೋಡದೆ ಬರೆದುಕೊಟ್ಟು ಬರುತ್ತೇವೆ. ಆ ಒಂದು ಪಾಸ್‌ವರ್ಡಿನ ಜೊತೆಗೆ ಮನೆಯವರ ಫೋಟೋಗಳು, ಬ್ಯಾಂಕಿನ ಲೆಕ್ಕಪತ್ರಗಳು, ಗುರುತಿನ ದಾಖಲೆಗಳ ಸ್ಕ್ಯಾನ್ ಪ್ರತಿಗಳು, ವೈದ್ಯಕೀಯ ವರದಿಗಳು, ಇಮೇಲ್, ಬ್ರೌಸರಿನಲ್ಲಿ ಉಳಿಸಿಟ್ಟ ಇತರ ಎಲ್ಲ ಪಾಸ್‌ವರ್ಡುಗಳು ಅಪರಿಚಿತರ ಕೈ ಸೇರುತ್ತವೆ. ಪರದೆಯನ್ನೋ ಬ್ಯಾಟರಿಯನ್ನೋ ಬದಲಾಯಿಸಲು ಇವುಗಳಲ್ಲಿ ಒಂದೂ ಬೇಕಾಗಿರುವುದಿಲ್ಲ. ರಿಪೇರಿಗೆ ಬೇಕಾದದ್ದು ಯಂತ್ರ; ಅದರಿಂದ ಮಾಹಿತಿಯನ್ನು ಬೇರ್ಪಡಿಸಿ ಯಂತ್ರವನ್ನಷ್ಟೇ ಕೊಡುವುದು ಹೆಚ್ಚಿನ ಸಂದರ್ಭಗಳಲ್ಲಿ ಸಾಧ್ಯವಿದೆ, ಮತ್ತು ಅದಕ್ಕೆ ವಿಶೇಷ ತಾಂತ್ರಿಕ ಪರಿಣತಿಯೇನೂ ಬೇಕಿಲ್ಲ.

ಈ ಆತಂಕಕ್ಕೆ ಆಧಾರವಿದೆಯೇ ಎಂದು ಕೇಳುವವರಿಗೆ ಕೆನಡಾದ ಗ್ವೆಲ್ಫ್ ವಿಶ್ವವಿದ್ಯಾಲಯದ ಸಂಶೋಧಕರು 2022ರಲ್ಲಿ ಪ್ರಕಟಿಸಿದ ಅಧ್ಯಯನವೊಂದು ಉತ್ತರ ಕೊಡುತ್ತದೆ. ಬ್ಯಾಟರಿ ಬದಲಾಯಿಸಲು ಕೊಟ್ಟಾಗಲೂ, ಒಂದನ್ನು ಬಿಟ್ಟರೆ ಅವರು ಹೋದ ಎಲ್ಲ ಸರ್ವೀಸ್ ಕೇಂದ್ರಗಳೂ ಲಾಗಿನ್ ಪಾಸ್‌ವರ್ಡ್ ಕೇಳಿದವು. ಮುಂದಿನ ಹಂತದಲ್ಲಿ ಅವರು ಲ್ಯಾಪ್‌ಟಾಪ್‌ಗಳಲ್ಲಿ ಧ್ವನಿಯನ್ನು ನಡೆಸುವ ಆಡಿಯೊ ಡ್ರೈವರ್ ತಂತ್ರಾಂಶವನ್ನು ಬೇಕೆಂದೇ ನಿಷ್ಕ್ರಿಯಗೊಳಿಸಿ, ಒಳಗೆ ನಡೆಯುವುದನ್ನೆಲ್ಲ ಗುಟ್ಟಾಗಿ ದಾಖಲಿಸುವ ವ್ಯವಸ್ಥೆ ಮಾಡಿ, 16 ಕಡೆ ರಿಪೇರಿಗೆ ಕೊಟ್ಟರು. ಆರು ಕಡೆ ರಿಪೇರಿ ಮಾಡುವವರು ಸಂಬಂಧವಿಲ್ಲದ ಖಾಸಗಿ ಫೈಲುಗಳನ್ನು ತೆರೆದು ನೋಡಿದ್ದರು. ಎರಡು ಕಡೆ ಅವುಗಳನ್ನು ತಮ್ಮ ಸಾಧನಗಳಿಗೆ ನಕಲು ಮಾಡಿಕೊಂಡಿದ್ದರು. ಮಹಿಳೆಯರದೆಂದು ತೋರುವಂತೆ ಸಿದ್ಧಪಡಿಸಿದ ಯಂತ್ರಗಳಲ್ಲಿ ಇಣುಕಿ ನೋಡಿದ್ದು ಹೆಚ್ಚು, ಮತ್ತು ಕೆಲವರು ತಾವು ನೋಡಿದ ಗುರುತು ಸಿಗದಂತೆ ಇತ್ತೀಚೆಗೆ ತೆರೆದ ಫೈಲುಗಳ ಪಟ್ಟಿಯನ್ನೂ ಅಳಿಸಿದ್ದರು. ಹಾಂಗ್‌ಕಾಂಗ್‌ನಲ್ಲಿ 2008ರಲ್ಲಿ ಚಿತ್ರನಟರೊಬ್ಬರ ಅತಿ ಖಾಸಗಿ ಫೋಟೋಗಳು ಜಗತ್ತಿಗೆಲ್ಲ ಹರಡಿದ್ದೂ ರಿಪೇರಿಗೆ ಹೋದ ಲ್ಯಾಪ್‌ಟಾಪ್‌ನಿಂದಲೇ; ಅವನ್ನು ನಕಲಿಸಿಕೊಂಡ ಕಂಪ್ಯೂಟರ್ ತಂತ್ರಜ್ಞನಿಗೆ ಮರುವರ್ಷ ಜೈಲು ಶಿಕ್ಷೆಯಾಯಿತು. ಶಿಕ್ಷೆಯಾದ ಮಾತ್ರಕ್ಕೆ ಹರಡಿದ ಫೋಟೋಗಳು ಹಿಂದಿರುಗಲಿಲ್ಲ, ಮತ್ತು ಅವುಗಳಲ್ಲಿದ್ದ ಮಹಿಳೆಯರು ರಿಪೇರಿಗೆ ಏನನ್ನೂ ಕೊಟ್ಟವರೇ ಅಲ್ಲ. ನಮ್ಮ ಕಂಪ್ಯೂಟರಿನಲ್ಲಿ ನಮ್ಮದಷ್ಟೇ ಅಲ್ಲದೆ ನಮ್ಮನ್ನು ನಂಬಿದವರ ಮಾಹಿತಿಯೂ ಇರುತ್ತದೆ ಎಂಬುದನ್ನು ಇಲ್ಲಿ ಗಮನಿಸಬೇಕು.

ಪ್ರಾಮಾಣಿಕವಾಗಿ ದುಡಿಯುವ ತಂತ್ರಜ್ಞರನ್ನು ಅನುಮಾನಿಸಬೇಕೆಂದು ಇದರ ಅರ್ಥವಲ್ಲ. ಆದರೆ ಯಾರ ಕೈಗೆ ಯಂತ್ರ ಹೋಗುತ್ತದೆ, ಅಲ್ಲಿಂದ ಅದು ಎಷ್ಟು ಕೈ ದಾಟುತ್ತದೆ ಎಂಬುದು ನಮಗೆ ಗೊತ್ತಾಗುವುದಿಲ್ಲವಾದ್ದರಿಂದ, ವ್ಯಕ್ತಿಗಳ ಒಳ್ಳೆಯತನವನ್ನು ನೆಚ್ಚದೆ ನಿಲ್ಲುವ ವ್ಯವಸ್ಥೆಯನ್ನು ಮಾಡಿಕೊಳ್ಳುವುದೇ ಸರಿ.

ಲಾಗಿನ್ ಪಾಸ್‌ವರ್ಡ್ ಏನನ್ನು ಕಾಯುತ್ತದೆ?

ಪಾಸ್‌ವರ್ಡ್ ಕೊಡದಿದ್ದರೆ ಸಾಕು, ಒಳಗಿನದೆಲ್ಲ ಸುರಕ್ಷಿತ ಎಂಬ ನಂಬಿಕೆ ವ್ಯಾಪಕವಾಗಿದೆ. ಇದು ಅರ್ಧ ಸತ್ಯ. ಲಾಗಿನ್ ಪಾಸ್‌ವರ್ಡನ್ನು ಕೇಳುವುದು ಕಂಪ್ಯೂಟರಿನಲ್ಲಿ ಸ್ಥಾಪಿಸಿರುವ ವಿಂಡೋಸ್ ಅಥವಾ ಬೇರೊಂದು ಕಾರ್ಯಾಚರಣೆ ವ್ಯವಸ್ಥೆ. ಆ ವ್ಯವಸ್ಥೆಯೇ ಚಾಲೂ ಆಗದಿದ್ದರೆ ಕೇಳುವವರು ಯಾರೂ ಇರುವುದಿಲ್ಲ. ಲಿನಕ್ಸ್ ಇರುವ ಒಂದು ಪೆನ್‌ಡ್ರೈವ್ ಸಿಕ್ಕಿಸಿ ಕಂಪ್ಯೂಟರನ್ನು ಅದರಿಂದಲೇ ಆರಂಭಿಸಿದರೆ, ಅಥವಾ ಡಿಸ್ಕನ್ನು ಬಿಚ್ಚಿ ಇನ್ನೊಂದು ಕಂಪ್ಯೂಟರಿಗೆ ಜೋಡಿಸಿದರೆ, ಡಿಸ್ಕಿನಲ್ಲಿರುವ ಫೋಲ್ಡರುಗಳು ಯಾವ ತಡೆಯೂ ಇಲ್ಲದೆ ತೆರೆದುಕೊಳ್ಳುತ್ತವೆ. ರಿಪೇರಿ ಮಾಡುವವರಿಗೆ ಇವೆರಡೂ ದಿನನಿತ್ಯದ ಕೆಲಸಗಳು.

ಇದನ್ನು ತಡೆಯುವುದು ಇಡೀ ಡಿಸ್ಕಿನ ಎನ್‌ಕ್ರಿಪ್ಶನ್. ಇದರಲ್ಲಿ ಡಿಸ್ಕಿಗೆ ಬರೆಯುವ ಪ್ರತಿಯೊಂದೂ ಗೂಢರೂಪಕ್ಕೆ ಬದಲಾಗಿಯೇ ಬರೆಯಲ್ಪಡುತ್ತದೆ. ಅದನ್ನು ಬಿಡಿಸುವ ಗುಪ್ತ ಸಂಖ್ಯೆ, ಅಂದರೆ ಸರಿಯಾದ ಕೀ, ಇಲ್ಲದೆ ಓದಿದರೆ ಅರ್ಥವಿಲ್ಲದ ಅಂಕೆಗಳ ರಾಶಿಯಷ್ಟೇ ಸಿಗುತ್ತದೆ. ವಿಂಡೋಸ್‌ನ ಪ್ರೊ ಮತ್ತು ಅದಕ್ಕಿಂತ ಮೇಲಿನ ಆವೃತ್ತಿಗಳಲ್ಲಿ ಇದು ಬಿಟ್‌ಲಾಕರ್ ಎಂಬ ಹೆಸರಿನಲ್ಲಿದೆ. ಹೋಮ್ ಆವೃತ್ತಿಯಲ್ಲೂ ಅನೇಕ ಯಂತ್ರಗಳಲ್ಲಿ ಡಿವೈಸ್ ಎನ್‌ಕ್ರಿಪ್ಶನ್ ಎಂಬ ಸರಳ ರೂಪ ಸಿಗುತ್ತದೆ. ಮ್ಯಾಕ್‌ಗಳಲ್ಲಿ ಫೈಲ್‌ವಾಲ್ಟ್ ಇದೆ. 2011ರ ಲಯನ್ ಆವೃತ್ತಿಯಿಂದ ಅದು ಇಡೀ ಡಿಸ್ಕನ್ನು ಆವರಿಸುತ್ತದೆ. ಲಿನಕ್ಸ್‌ನಲ್ಲಿ ಲಕ್ಸ್ (LUKS) ಎಂಬ ವ್ಯವಸ್ಥೆಯನ್ನು ಸಾಮಾನ್ಯವಾಗಿ ಸ್ಥಾಪನೆಯ ಸಮಯದಲ್ಲೇ ಆರಿಸಿಕೊಳ್ಳಬೇಕು.

ಇಲ್ಲಿ ಮೂರು ಸೂಕ್ಷ್ಮಗಳಿವೆ. ಮೊದಲನೆಯದು, ಎನ್‌ಕ್ರಿಪ್ಶನ್ ಮಾಡಿದ ಯಂತ್ರದ ಲಾಗಿನ್ ಪಾಸ್‌ವರ್ಡನ್ನೇ ಕೊಟ್ಟುಬಿಟ್ಟರೆ ಎನ್‌ಕ್ರಿಪ್ಶನ್ ಇದ್ದೂ ಇಲ್ಲದಂತೆ. ಒಳಗೆ ಬಂದವರಿಗೆ ವ್ಯವಸ್ಥೆಯೇ ಎಲ್ಲವನ್ನೂ ಬಿಡಿಸಿ ತೋರಿಸುತ್ತದೆ. ಎರಡನೆಯದು, ಬಿಟ್‌ಲಾಕರಿನ ಕೀ ಸಾಮಾನ್ಯವಾಗಿ ಮದರ್‌ಬೋರ್ಡಿನ ಅಥವಾ ಪ್ರೊಸೆಸರಿನ ಭಾಗವಾಗಿರುವ ಟಿಪಿಎಂ ಎಂಬ ಭದ್ರತಾ ಚಿಪ್‌ಗೆ ಬೆಸೆದುಕೊಂಡಿರುತ್ತದೆ. ಮದರ್‌ಬೋರ್ಡ್ ಬದಲಾದರೆ ಯಂತ್ರವು 48 ಅಂಕೆಗಳ ರಿಕವರಿ ಕೀ ಕೇಳುತ್ತದೆ. ಅದು ನಿಮ್ಮ ಬಳಿ ಇಲ್ಲದಿದ್ದರೆ ನಿಮ್ಮ ಮಾಹಿತಿ ನಿಮಗೂ ಸಿಗುವುದಿಲ್ಲ. ಮೈಕ್ರೋಸಾಫ್ಟ್ ಖಾತೆಯಿಂದ ಲಾಗಿನ್ ಆಗುವವರ ಕೀ ಬಹಳಷ್ಟು ಸಲ ಆ ಖಾತೆಯಲ್ಲೇ ಉಳಿದಿರುತ್ತದೆ. ಯಂತ್ರವನ್ನು ಕೊಡುವ ಮೊದಲೇ ಅದನ್ನು ನೋಡಿ, ಕಾಗದದ ಮೇಲೆ ಬರೆದು ಮನೆಯಲ್ಲಿಡಬೇಕು. ಲ್ಯಾಪ್‌ಟಾಪ್ ಚೀಲದ ಜೇಬಿನಲ್ಲಿ ಇಟ್ಟು ಕಳುಹಿಸಬಾರದು. ಮೂರನೆಯದು, ರಿಪೇರಿಗೆ ಅನುಕೂಲವೆಂದು ಬಿಟ್‌ಲಾಕರನ್ನು ಸಸ್ಪೆಂಡ್ ಮಾಡಿಕೊಡಿ, ಅಂದರೆ ತಾತ್ಕಾಲಿಕವಾಗಿ ತಡೆಹಿಡಿಯಿರಿ, ಎಂದು ಕೆಲವರು ಕೇಳುವುದುಂಟು. ಸಸ್ಪೆಂಡ್ ಮಾಡಿದಾಗ ಮಾಹಿತಿ ಗೂಢರೂಪದಲ್ಲೇ ಉಳಿದರೂ ಅದನ್ನು ಬಿಡಿಸುವ ಕೀ ಬಹಿರಂಗ ರೂಪದಲ್ಲಿ ಅದೇ ಡಿಸ್ಕಿನಲ್ಲಿ ಬರೆಯಲ್ಪಡುತ್ತದೆ. ಸಸ್ಪೆಂಡ್ ಮಾಡದೆ ಕೊಟ್ಟು, ಯಂತ್ರ ಮರಳಿ ಬಂದ ಮೇಲೆ ರಿಕವರಿ ಕೀಯನ್ನು ನಾವೇ ಒತ್ತಿ ಒಳಹೋಗುವುದು ಮೇಲು.

ಮೊಬೈಲ್ ಫೋನುಗಳಲ್ಲಿ ಈ ಸಮಸ್ಯೆಗೆ ತಯಾರಕರೇ ಪರಿಹಾರ ಕೊಡತೊಡಗಿದ್ದಾರೆ. ಸ್ಯಾಮ್‌ಸಂಗ್ 2022ರಲ್ಲಿ, ಗೂಗಲ್ ತನ್ನ ಪಿಕ್ಸೆಲ್ ಫೋನುಗಳಿಗೆ 2023ರಲ್ಲಿ ರಿಪೇರಿ ಮೋಡ್ ತಂದವು. ಅದನ್ನು ಒತ್ತಿದರೆ ಖಾಸಗಿ ಮಾಹಿತಿ ಮುಚ್ಚಿಕೊಂಡು, ಪರೀಕ್ಷೆಗೆ ಬೇಕಾದಷ್ಟೇ ತೆರೆದಿರುತ್ತದೆ. ಕಂಪ್ಯೂಟರುಗಳಲ್ಲಿ ಇಂಥ ಒಂದು ಗುಂಡಿ ವ್ಯಾಪಕವಾಗಿ ಬರುವವರೆಗೆ ಆ ಕೆಲಸವನ್ನು ನಾವೇ ಮಾಡಿಕೊಳ್ಳಬೇಕು.

ಅಳಿಸಿದ ಫೈಲು ಎಲ್ಲಿಗೆ ಹೋಗುತ್ತದೆ?

ಕೊಡುವ ಮುನ್ನ ಖಾಸಗಿ ಫೈಲುಗಳನ್ನು ಅಳಿಸಿ, ರಿಸೈಕಲ್ ಬಿನ್ ಖಾಲಿ ಮಾಡಿದರೆ ಆಯಿತು ಎಂದುಕೊಳ್ಳುವವರು ಬಹಳ. ಸಾಂಪ್ರದಾಯಿಕ ಹಾರ್ಡ್ ಡಿಸ್ಕಿನಲ್ಲಿ ಫೈಲನ್ನು ಅಳಿಸಿದಾಗ, ಆ ಜಾಗ ಇನ್ನು ಖಾಲಿ ಎಂದು ವ್ಯವಸ್ಥೆ ಗುರುತು ಮಾಡಿಕೊಳ್ಳುತ್ತದೆಯೇ ಹೊರತು ಅಲ್ಲಿದ್ದ ಮಾಹಿತಿಯನ್ನು ಮುಟ್ಟುವುದಿಲ್ಲ. ಅದೇ ಜಾಗದ ಮೇಲೆ ಬೇರೇನಾದರೂ ಬರೆಯಲ್ಪಡುವ ತನಕ ಹಳೆಯದು ಹಾಗೆಯೇ ಇರುತ್ತದೆ, ಉಚಿತವಾಗಿ ಸಿಗುವ ರಿಕವರಿ ತಂತ್ರಾಂಶಗಳಿಂದಲೇ ಅದನ್ನು ಎತ್ತಬಹುದು. ಕ್ವಿಕ್ ಫಾರ್ಮ್ಯಾಟ್ ಕೂಡ ಇದಕ್ಕಿಂತ ಹೆಚ್ಚಿನದೇನನ್ನೂ ಮಾಡುವುದಿಲ್ಲ. ಇಂಥ ಡಿಸ್ಕಿನಲ್ಲಿ ಖಾಲಿ ಜಾಗದ ಮೇಲೆಲ್ಲ ಒಮ್ಮೆ ಬೇರೆ ಅಂಕೆಗಳನ್ನು ಬರೆಸಬೇಕು. ವಿಂಡೋಸ್‌ನೊಳಗೇ ಇರುವ ಸೈಫರ್ ಎಂಬ ಆಜ್ಞೆ ಈ ಕೆಲಸವನ್ನು ಮಾಡುತ್ತದೆ. 35 ಬಾರಿ ಬರೆಯಬೇಕೆಂಬ ಹಳೆಯ ಸಲಹೆ ಇಂದಿಗೂ ಅಲ್ಲಲ್ಲಿ ಕೇಳಿಬರುತ್ತದೆ. ಅದು 1990ರ ದಶಕದ ಡಿಸ್ಕುಗಳನ್ನು ಗಮನದಲ್ಲಿಟ್ಟು ಹೇಳಿದ ಮಾತು. ಇಂದಿನ ಹಾರ್ಡ್ ಡಿಸ್ಕುಗಳಿಗೆ ಒಂದು ಸಲ ಸಾಕು.

ಮಾಹಿತಿಯನ್ನು ಮೆಮೊರಿ ಚಿಪ್‌ಗಳಲ್ಲಿ ಇಡುವ ಎಸ್‌ಎಸ್‌ಡಿಯ ನಡವಳಿಕೆಯೇ ಬೇರೆ. ಅದರ ಚಿಪ್‌ಗಳಲ್ಲಿ ಒಂದೇ ಜಾಗ ಪದೇ ಪದೇ ಬರೆಯಲ್ಪಟ್ಟು ಸವೆಯಬಾರದೆಂದು, ಒಳಗಿರುವ ನಿಯಂತ್ರಕವು ಬರೆಯುವ ಕೆಲಸವನ್ನು ಎಲ್ಲ ಕಡೆಗೂ ಹಂಚುತ್ತಿರುತ್ತದೆ. ಆದ್ದರಿಂದ ಒಂದು ಫೈಲಿನ ಮೇಲೆಯೇ ಮತ್ತೆ ಬರೆದೆವು ಎಂದು ನಾವು ಭಾವಿಸಿದಾಗ, ನಿಯಂತ್ರಕ ಹೊಸದನ್ನು ಬೇರೆಡೆ ಬರೆದು ಹಳೆಯದನ್ನು ಇದ್ದಲ್ಲೇ ಬಿಟ್ಟಿರಬಹುದು. ಇನ್ನೊಂದೆಡೆ, ಟ್ರಿಮ್ ಎಂಬ ಸೂಚನೆಯ ಮೂಲಕ ಅಳಿಸಿದ ಜಾಗವನ್ನು ಅದು ತಾನಾಗಿಯೇ ತೆರವು ಮಾಡುವುದರಿಂದ, ಅಳಿಸಿದ್ದು ಹಾರ್ಡ್ ಡಿಸ್ಕಿನಷ್ಟು ಸುಲಭವಾಗಿ ಮರಳಿ ಸಿಗುವುದೂ ಇಲ್ಲ. ಯಾವಾಗ ಏನು ತೆರವಾಗುತ್ತದೆ ಎಂಬುದು ನಮ್ಮ ಹಿಡಿತದಲ್ಲಿಲ್ಲ. ನನ್ನ ಅಭಿಪ್ರಾಯದಲ್ಲಿ, ಆಯ್ದ ಕೆಲವು ಫೈಲುಗಳನ್ನು ಅಳಿಸುವುದನ್ನೇ ರಕ್ಷಣೆಯೆಂದು ನಂಬಬಾರದು: ಡಿಸ್ಕ್ ಮೊದಲಿನಿಂದಲೂ ಎನ್‌ಕ್ರಿಪ್ಟ್ ಆಗಿರಬೇಕು, ಇಲ್ಲವೇ ಬ್ಯಾಕಪ್ ತೆಗೆದು ಇಡೀ ಯಂತ್ರವನ್ನೇ ರಿಸೆಟ್ ಮಾಡಬೇಕು. ವಿಂಡೋಸ್ ರಿಸೆಟ್ ಮಾಡುವಾಗ ಎಲ್ಲವನ್ನೂ ತೆಗೆದುಹಾಕುವ ಮತ್ತು ಡ್ರೈವನ್ನು ಶುಚಿಗೊಳಿಸುವ ಆಯ್ಕೆಗಳೆರಡನ್ನೂ ಆರಿಸಬೇಕು. ಆಪಲ್ ಸಿಲಿಕಾನ್ ಎಂಬ ಪ್ರೊಸೆಸರ್ ಅಥವಾ ಟಿ2 ಎಂಬ ಭದ್ರತಾ ಚಿಪ್ ಇರುವ ಮ್ಯಾಕ್‌ಗಳಲ್ಲಿ, ಮ್ಯಾಕ್‌ಓಎಸ್‌ನ 2021ರ ಮಾಂಟೆರೆ ಮತ್ತು ಅನಂತರದ ಆವೃತ್ತಿಗಳಿದ್ದರೆ, ಎಲ್ಲವನ್ನೂ ಅಳಿಸುವ ಆಯ್ಕೆ ಎನ್‌ಕ್ರಿಪ್ಶನ್ ಕೀಯನ್ನೇ ನಾಶಮಾಡುವುದರಿಂದ ಕೆಲಸ ನಿಮಿಷಗಳಲ್ಲಿ ಮುಗಿಯುತ್ತದೆ.

ಅಳಿಸುವುದರಲ್ಲಿ ಇನ್ನೊಂದು ಅಪಾಯವಿದೆ, ಅದು ಕಳವಿಗಿಂತಲೂ ಹೆಚ್ಚು ಜನರ ಕಣ್ಣಲ್ಲಿ ನೀರು ತರಿಸಿರಬಹುದು. ವನ್‌ಡ್ರೈವ್, ಗೂಗಲ್ ಡ್ರೈವ್, ಐಕ್ಲೌಡ್ ಮುಂತಾದ ಕ್ಲೌಡ್ ಸಂಗ್ರಹಗಳಿಗೆ ಸಿಂಕ್ ಆಗಿರುವ, ಅಂದರೆ ಎರಡೂ ಕಡೆ ತಾನಾಗಿಯೇ ಒಂದೇ ರೀತಿ ಇರುವ, ಫೋಲ್ಡರಿನಲ್ಲಿ ಫೈಲನ್ನು ಅಳಿಸಿದರೆ, ಕ್ಲೌಡ್‌ನಲ್ಲಿರುವ ಪ್ರತಿಯೂ, ಅದಕ್ಕೆ ಜೋಡಿಸಿದ ಇತರ ಸಾಧನಗಳಲ್ಲಿರುವ ಪ್ರತಿಯೂ ಅಳಿಯುತ್ತದೆ. ಕ್ಲೌಡ್‌ನ ಕಸದ ಬುಟ್ಟಿಯಲ್ಲಿ ಕೆಲವು ದಿನ ಅದು ಇರುತ್ತದೆಯಾದರೂ, ರಿಪೇರಿ ಮುಗಿಯುವಷ್ಟರಲ್ಲಿ ಆ ಅವಧಿ ಮೀರಿರಬಹುದು. ಮೊದಲು ಕಂಪ್ಯೂಟರನ್ನು ಕ್ಲೌಡ್ ಖಾತೆಯಿಂದ ಬಿಡಿಸಬೇಕು, ಆಮೇಲಷ್ಟೇ ಕಂಪ್ಯೂಟರಿನಲ್ಲಿರುವ ಪ್ರತಿಯನ್ನು ಮುಟ್ಟಬೇಕು.

ಯಂತ್ರ ಇನ್ನೂ ಚಾಲೂ ಆಗುತ್ತಿದ್ದರೆ

ಪರದೆ ಕೆಟ್ಟ ಲ್ಯಾಪ್‌ಟಾಪ್ ಚಾಲೂ ಆಗುತ್ತಿಲ್ಲವೆಂದು ತೋರಿದರೂ, ಎಚ್‌ಡಿಎಂಐ ಕೇಬಲ್ ಮೂಲಕ ಟಿವಿಗೋ ಮಾನಿಟರಿಗೋ ಜೋಡಿಸಿದರೆ ಎಲ್ಲವೂ ಕಾಣಬಹುದು. ಕೀಬೋರ್ಡ್ ಕೆಟ್ಟಿದ್ದರೆ ಯುಎಸ್‌ಬಿ ಕೀಬೋರ್ಡ್ ಸಿಕ್ಕಿಸಬಹುದು. ಒಳಹೋಗಲು ಸಾಧ್ಯವಾದರೆ ಮೊದಲ ಕೆಲಸ ಬ್ಯಾಕಪ್. ಇದು ಗೌಪ್ಯತೆಗಾಗಿ ಅಲ್ಲ, ಮಾಹಿತಿ ಉಳಿಯಲಿ ಎಂದು: ರಿಪೇರಿಯ ವೇಳೆ ಡಿಸ್ಕ್ ಅಳಿದುಹೋದರೆ ತಾವು ಹೊಣೆಯಲ್ಲ ಎಂದು ಅನೇಕ ಸರ್ವೀಸ್ ಕೇಂದ್ರಗಳು ಮೊದಲೇ ಸಹಿ ಹಾಕಿಸಿಕೊಳ್ಳುತ್ತವೆ. ನಕಲು ಮಾಡಿ ಮುಗಿಯಿತೆಂದು ಸುಮ್ಮನಾಗದೆ, ಬ್ಯಾಕಪ್ ಡಿಸ್ಕನ್ನು ಬೇರೊಂದು ಕಂಪ್ಯೂಟರಿಗೆ ಜೋಡಿಸಿ ನಾಲ್ಕಾರು ಫೋಟೋ, ದಾಖಲೆಗಳನ್ನು ತೆರೆದು ನೋಡಬೇಕು. ಡೆಸ್ಕ್‌ಟಾಪ್ ಮತ್ತು ಡೌನ್‌ಲೋಡ್ಸ್ ಫೋಲ್ಡರ್‌ಗಳನ್ನು, ಔಟ್‌ಲುಕ್‌ನಂಥ ತಂತ್ರಾಂಶಗಳು ಡಿಸ್ಕಿನಲ್ಲೇ ಇಟ್ಟುಕೊಳ್ಳುವ ಇಮೇಲ್ ಕಡತಗಳನ್ನು ಮರೆಯುವವರೇ ಹೆಚ್ಚು.

ಅನಂತರದ ಕೆಲಸ ಬ್ರೌಸರಿನದು, ಮತ್ತು ಇದಕ್ಕೆ ಸಮಯ ಕೊಡಲೇಬೇಕು. ಕ್ರೋಮ್‌ನಲ್ಲಿ ಉಳಿಸಿದ ಪಾಸ್‌ವರ್ಡುಗಳ ಪಟ್ಟಿಯನ್ನು ತೆರೆದು, ಒಂದು ಪಾಸ್‌ವರ್ಡಿನ ಪಕ್ಕದಲ್ಲಿರುವ ಕಣ್ಣಿನ ಗುರುತನ್ನು ಒತ್ತಿ ನೋಡಿ. ಅದನ್ನು ತೋರಿಸುವ ಮುನ್ನ ಬ್ರೌಸರ್ ಕೇಳುವುದು ಕಂಪ್ಯೂಟರಿನ ಲಾಗಿನ್ ಪಾಸ್‌ವರ್ಡನ್ನು ಅಥವಾ ಪಿನ್ನನ್ನು, ಅಂದರೆ ರಿಪೇರಿಯ ಚೀಟಿಯಲ್ಲಿ ಬರೆದುಕೊಟ್ಟದ್ದನ್ನೇ. ಇನ್ನು ಇಮೇಲ್‌ಗೆ ಪಾಸ್‌ವರ್ಡೇ ಬೇಕಾಗುವುದಿಲ್ಲ. ನೀವು ಒಮ್ಮೆ ಲಾಗಿನ್ ಆದ ಜಾಲತಾಣ ನಿಮ್ಮ ಬ್ರೌಸರಿನಲ್ಲಿ ಕುಕೀ ಎಂಬ ಸಣ್ಣ ಗುರುತನ್ನು ಇಟ್ಟಿರುತ್ತದೆ; ಆ ಗುರುತು ಇರುವ ತನಕ ಬ್ರೌಸರ್ ತೆರೆದವರೆಲ್ಲ ನೀವೇ ಎಂದು ಅದು ನಂಬುತ್ತದೆ. ಇಮೇಲ್ ಕೈಸೇರಿದರೆ ಉಳಿದ ಹೆಚ್ಚಿನ ಖಾತೆಗಳ ಪಾಸ್‌ವರ್ಡನ್ನು ‘ಮರೆತಿದ್ದೇನೆ’ ಎಂದು ಒತ್ತಿ ಬದಲಾಯಿಸಬಹುದಾದ್ದರಿಂದ, ಎಲ್ಲಕ್ಕಿಂತ ಮೊದಲು ಕಾಯಬೇಕಾದದ್ದು ಅದನ್ನೇ. ಬ್ರೌಸರಿನ ಸಿಂಕ್ ನಿಲ್ಲಿಸಿ, ಖಾತೆಯಿಂದ ಹೊರಬಂದು, ಈ ಯಂತ್ರದಲ್ಲಿರುವ ಪ್ರೊಫೈಲನ್ನೇ ತೆಗೆದುಹಾಕುವುದು ಒಂದೊಂದು ತಾಣದಿಂದ ಲಾಗ್‌ಔಟ್ ಆಗುವುದಕ್ಕಿಂತ ಭದ್ರ. ಸಿಂಕ್ ಆಗದೆ ಈ ಯಂತ್ರದಲ್ಲಷ್ಟೇ ಇರುವ ಪಾಸ್‌ವರ್ಡುಗಳಿದ್ದರೆ ಮೊದಲು ಅವನ್ನು ಬೇರೆಡೆ ಉಳಿಸಿಕೊಂಡಿರಬೇಕು. ವಾಟ್ಸ್‌ಆ್ಯಪ್ ಅನ್ನು ಕಂಪ್ಯೂಟರಿನಲ್ಲಿ ಬಳಸುತ್ತಿದ್ದರೆ, ಫೋನಿನಲ್ಲಿ ಲಿಂಕ್ ಆದ ಸಾಧನಗಳ ಪಟ್ಟಿಯನ್ನು ತೆರೆದು ಅಲ್ಲಿಂದ ಅದನ್ನು ಹೊರಹಾಕಬೇಕು.

ರಿಪೇರಿಯಾದ ಮೇಲೆ ಧ್ವನಿ, ಕ್ಯಾಮೆರಾ, ವೈಫೈ ಸರಿಯಾಗಿವೆಯೇ ಎಂದು ನೋಡಲು ಒಳಹೋಗುವುದು ನಿಜವಾಗಿಯೂ ಬೇಕಾಗುತ್ತದೆ ಎಂದಾದರೆ ಅದಕ್ಕೆಂದೇ ಬೇರೊಂದು ಖಾತೆಯನ್ನು ತೆರೆದುಕೊಡಬಹುದು. ವಿಂಡೋಸ್‌ನ ಸೆಟ್ಟಿಂಗ್ಸ್‌ನಲ್ಲಿ ಅಕೌಂಟ್ಸ್ ವಿಭಾಗಕ್ಕೆ ಹೋಗಿ, ಮೈಕ್ರೋಸಾಫ್ಟ್ ಖಾತೆಯ ಹಂಗಿಲ್ಲದ ಸ್ಥಳೀಯ ಬಳಕೆದಾರರೊಬ್ಬರನ್ನು ಸೇರಿಸಿ, ಅಡ್ಮಿನಿಸ್ಟ್ರೇಟರ್ ಮಾಡದೆ ಸ್ಟ್ಯಾಂಡರ್ಡ್ ಆಗಿಯೇ ಇಡಬೇಕು. ಸಾಮಾನ್ಯವಾಗಿ ಇಂಥ ಖಾತೆಯಿಂದ ಸಿ ಡ್ರೈವ್‌ನ ಯೂಸರ್ಸ್ ಫೋಲ್ಡರಿನಲ್ಲಿರುವ ನಿಮ್ಮ ಸ್ವಂತ ಜಾಗಕ್ಕೆ ಪ್ರವೇಶವಿರುವುದಿಲ್ಲ. ಆದರೆ ಡಿ ಡ್ರೈವ್ ಹಾಗಲ್ಲ. ಎಷ್ಟೋ ಮಂದಿ ಫೋಟೋಗಳನ್ನೂ ದಾಖಲೆಗಳನ್ನೂ ಸುರಕ್ಷಿತವಾಗಿರಲೆಂದೇ ಡಿ ಡ್ರೈವ್‌ನಲ್ಲಿ ಇಡುತ್ತಾರೆ. ವಾಸ್ತವವಾಗಿ, ವಿಂಡೋಸ್‌ನ ಸಾಮಾನ್ಯ ವ್ಯವಸ್ಥೆಯಲ್ಲಿ ಅಲ್ಲಿರುವುದನ್ನು ಆ ಯಂತ್ರದ ಯಾವ ಖಾತೆಯಿಂದಲೂ ಓದಬಹುದು, ಬದಲಾಯಿಸಲೂಬಹುದು. ಹೊಸ ಖಾತೆಯಿಂದ ನೀವೇ ಒಮ್ಮೆ ಒಳಹೋಗಿ ಏನೇನು ತೆರೆಯುತ್ತದೆ ಎಂದು ನೋಡಿದರೆ ಇದು ಕಣ್ಣಿಗೆ ಕಟ್ಟುತ್ತದೆ. ಡಿಸ್ಕ್ ಎನ್‌ಕ್ರಿಪ್ಟ್ ಆಗಿರದಿದ್ದರೆ ಈ ಬೇರೆ ಖಾತೆಯೂ ಪೆನ್‌ಡ್ರೈವ್ ದಾರಿಯನ್ನು ಮುಚ್ಚುವುದಿಲ್ಲ. ಅಡ್ಮಿನಿಸ್ಟ್ರೇಟರ್ ಖಾತೆಯೇ ಬೇಕೆಂದು ಅವರು ಹೇಳಿದರಂತೂ, ಮಾಹಿತಿಯನ್ನು ಪೂರ್ತಿಯಾಗಿ ಹೊರತೆಗೆದು ರಿಸೆಟ್ ಮಾಡಿದ ಯಂತ್ರವನ್ನೇ ಕೊಡುವುದು ಸೂಕ್ತ. ನಿಧಾನವಾಗಿದೆ, ವೈರಸ್ ಬಂದಿದೆ ಎಂಬ ತೊಂದರೆಗಳು ಎಷ್ಟೋ ಸಲ ಆ ರಿಸೆಟ್‌ನಿಂದಲೇ ಬಗೆಹರಿದು, ರಿಪೇರಿಗೆ ಕೊಡುವ ಅಗತ್ಯವೇ ಉಳಿಯುವುದಿಲ್ಲ.

ಚಾಲೂ ಆಗದಿದ್ದರೆ

ಕಷ್ಟವಿರುವುದು ಇಲ್ಲಿ. ಡಿಸ್ಕನ್ನು ಬಿಚ್ಚಲು ಬರುವಂತಿದ್ದರೆ, ಅದನ್ನು ತೆಗೆದು ಮನೆಯಲ್ಲಿಟ್ಟು ಉಳಿದ ಯಂತ್ರವನ್ನು ಕೊಡುವುದು ಎಲ್ಲಕ್ಕಿಂತ ಖಚಿತವಾದ ಉಪಾಯ. ಎಂ.2 ಮಾದರಿಯ ಎಸ್‌ಎಸ್‌ಡಿ ಸಾಮಾನ್ಯವಾಗಿ ಒಂದೇ ಒಂದು ಸಣ್ಣ ಸ್ಕ್ರೂನಿಂದ ಕೂತಿರುತ್ತದೆ. ಯುಎಸ್‌ಬಿ ಕೇಸಿನಲ್ಲಿ ಹಾಕಿ ಬೇರೆ ಕಂಪ್ಯೂಟರಿಗೆ ಜೋಡಿಸಿದರೆ ಬ್ಯಾಕಪ್ ಕೂಡ ತೆಗೆಯಬಹುದು. ಪರದೆ, ಹಿಂಜ್, ಫ್ಯಾನ್ ಮುಂತಾದವುಗಳನ್ನು ಸರಿಪಡಿಸಿ ಪರೀಕ್ಷಿಸಲು ತಂತ್ರಜ್ಞರು ತಮ್ಮದೇ ಪೆನ್‌ಡ್ರೈವಿನಿಂದ ಯಂತ್ರವನ್ನು ನಡೆಸಬಲ್ಲರು. ತೆರೆದರೆ ವಾರಂಟಿಗೆ ತೊಂದರೆಯಿದೆಯೇ ಎಂದು ಮೊದಲು ಕೇಳಿಕೊಳ್ಳಬೇಕು, ಬ್ಯಾಟರಿ ಉಬ್ಬಿದ್ದರೆ ಸ್ವತಃ ಕೈ ಹಾಕಲೇಬಾರದು.

ಡಿಸ್ಕ್ ಮದರ್‌ಬೋರ್ಡಿಗೇ ಬೆಸುಗೆಯಾಗಿರುವ ತೆಳು ಲ್ಯಾಪ್‌ಟಾಪ್‌ಗಳಲ್ಲಿ ಈ ದಾರಿಯಿಲ್ಲ. ಅಲ್ಲಿ ಮಾಹಿತಿಯನ್ನು ಕಾಯುವುದು, ಯಂತ್ರ ಚೆನ್ನಾಗಿದ್ದಾಗಲೇ ಮಾಡಿಸಿದ್ದ ಎನ್‌ಕ್ರಿಪ್ಶನ್ ಒಂದೇ. ಅದೂ ಇಲ್ಲದಿದ್ದರೆ ಬೇರೊಂದು ಸಾಧನದಿಂದ ಇಮೇಲ್ ಖಾತೆಗೆ ಹೋಗಿ, ಆ ಕಂಪ್ಯೂಟರನ್ನು ಸಾಧನಗಳ ಪಟ್ಟಿಯಿಂದ ಹೊರಹಾಕಿ, ಮುಖ್ಯ ಪಾಸ್‌ವರ್ಡುಗಳನ್ನು ಬದಲಾಯಿಸಬೇಕು. ಒಳಗಿರುವ ಫೋಟೋಗಳಿಗೆ ಇದರಿಂದ ರಕ್ಷಣೆ ಸಿಗದಿದ್ದರೂ ಖಾತೆಗಳಿಗೆ ಸಿಗುತ್ತದೆ. ಕೆಟ್ಟಿರುವುದು ಡಿಸ್ಕೇ ಆಗಿ, ಮಾಹಿತಿಯನ್ನು ಮರಳಿ ತೆಗೆಯಲೆಂದೇ ಕೊಡುವಾಗ ಅದನ್ನು ಇನ್ನೊಬ್ಬರು ನೋಡುವುದು ಅನಿವಾರ್ಯ. ಯಾವ ಫೋಲ್ಡರುಗಳು ಬೇಕು, ಕೆಲಸ ಮುಗಿದ ಮೇಲೆ ಅವರ ಬಳಿಯ ಪ್ರತಿಯನ್ನು ಯಾವಾಗ ಅಳಿಸುತ್ತಾರೆ ಎಂಬುದನ್ನು ಬರಹದಲ್ಲಿ ಪಡೆಯಬೇಕು.

ಕೊಡುವಾಗ ಮತ್ತು ತರುವಾಗ

ಜಾಬ್ ಶೀಟಿನಲ್ಲಿ, ಅಂದರೆ ರಿಪೇರಿಯ ಚೀಟಿಯಲ್ಲಿ, ಯಂತ್ರದ ಕ್ರಮಸಂಖ್ಯೆಯ ಜೊತೆಗೆ ಡಿಸ್ಕಿನ ಕ್ರಮಸಂಖ್ಯೆಯನ್ನೂ, ಡಿಸ್ಕಿನ ಮಾಹಿತಿಯನ್ನು ತೆರೆಯಬಾರದು, ಗ್ರಾಹಕರನ್ನು ಕೇಳದೆ ಫಾರ್ಮ್ಯಾಟ್ ಮಾಡಬಾರದು ಎಂಬ ಮಾತನ್ನೂ ಬರೆಸಬೇಕು. ಸ್ಲಾಟಿನಲ್ಲಿ ಉಳಿದುಹೋದ ಮೆಮೊರಿ ಕಾರ್ಡ್, ಪೆನ್‌ಡ್ರೈವ್ ಇದ್ದರೆ ತೆಗೆದಿಟ್ಟುಕೊಳ್ಳಬೇಕು. ಪಾಸ್‌ವರ್ಡ್ ಕೇಳಿದರೆ, ಈ ರಿಪೇರಿಗೆ ಅದು ಯಾಕೆ ಬೇಕು ಎಂದು ಸೌಜನ್ಯದಿಂದಲೇ ಕೇಳಬಹುದು. ಸಕಾರಣವಾದ ಉತ್ತರ ಬಂದರೆ ಬೇರೆ ಖಾತೆಯದನ್ನು ಕೊಡಬಹುದು, ಇಲ್ಲವೇ ಪರೀಕ್ಷೆಯ ಹೊತ್ತಿಗೆ ತಾವೇ ಬಂದು ಒತ್ತಿಕೊಡುವುದಾಗಿ ಹೇಳಬಹುದು.

ಮರಳಿ ಬಂದ ಯಂತ್ರದಲ್ಲಿ ಆ ತಾತ್ಕಾಲಿಕ ಖಾತೆಯನ್ನು ತೆಗೆದುಹಾಕಿ, ಎನ್‌ಕ್ರಿಪ್ಶನ್ ಇನ್ನೂ ಚಾಲನೆಯಲ್ಲಿದೆಯೇ ಎಂದು ನೋಡಬೇಕು. ಎನಿಡೆಸ್ಕ್, ಟೀಮ್‌ವ್ಯೂಯರ್‌ನಂಥ ದೂರನಿಯಂತ್ರಣ ತಂತ್ರಾಂಶಗಳು, ನಿಮಗೆ ಪರಿಚಯವಿಲ್ಲದ ಬ್ರೌಸರ್ ಎಕ್ಸ್‌ಟೆನ್ಶನ್‌ಗಳು ಸೇರಿಕೊಂಡಿದ್ದರೆ ತೆಗೆಯಬೇಕು. ಅವನ್ನು ದುರುದ್ದೇಶದಿಂದಲೇ ಹಾಕಿರಬೇಕೆಂದಿಲ್ಲ, ಆದರೆ ಇರಬೇಕಾದ ಕಾರಣವೂ ಇಲ್ಲ. ಯಾರಾದರೂ ಒಳಹೋಗಿದ್ದರೇ ಎಂದು ತಿಳಿಯಬೇಕೆನ್ನುವವರು ವಿಂಡೋಸ್‌ನ ಇವೆಂಟ್ ವ್ಯೂಯರ್ ತೆರೆದು, ಸೆಕ್ಯುರಿಟಿ ವಿಭಾಗದಲ್ಲಿ 4624 ಸಂಖ್ಯೆಯ ನಮೂದುಗಳನ್ನು ಗಮನಿಸಬಹುದು. ಪ್ರತಿ ಯಶಸ್ವಿ ಲಾಗಿನ್‌ಗೂ ಅಲ್ಲೊಂದು ನಮೂದಾಗುತ್ತದೆ. ವ್ಯವಸ್ಥೆ ತಾನೇ ಮಾಡುವ ಲಾಗಿನ್‌ಗಳೂ ಅದರಲ್ಲಿ ಸೇರಿರುವುದರಿಂದ ನಿಮ್ಮ ಖಾತೆಯ ಹೆಸರು ಮತ್ತು ಸಮಯವನ್ನು ನೋಡಿ ಬೇರ್ಪಡಿಸಿಕೊಳ್ಳಬೇಕು. ಡಿಸ್ಕ್ ಒಟ್ಟು ಎಷ್ಟು ಗಂಟೆ ಚಾಲನೆಯಲ್ಲಿತ್ತು ಎಂಬ ಲೆಕ್ಕವನ್ನು ಸ್ಮಾರ್ಟ್ ಎಂಬ, ಡಿಸ್ಕ್ ತನ್ನ ಸ್ಥಿತಿಯ ಬಗ್ಗೆ ತಾನೇ ಬರೆದುಕೊಳ್ಳುವ ದಾಖಲೆ ಇಟ್ಟಿರುತ್ತದೆ. ಕ್ರಿಸ್ಟಲ್‌ಡಿಸ್ಕ್‌ಇನ್ಫೋದಂಥ ತಂತ್ರಾಂಶದಲ್ಲಿ ಕೊಡುವ ಮುನ್ನ ಅದನ್ನು ಬರೆದಿಟ್ಟುಕೊಂಡರೆ, ಅರ್ಧ ಗಂಟೆಯ ಕೆಲಸಕ್ಕೆ ಯಂತ್ರ ಹತ್ತಾರು ಗಂಟೆ ಓಡಿದೆಯೇ ಎಂಬುದು ಗೊತ್ತಾಗುತ್ತದೆ.

ವಾರಂಟಿಯಲ್ಲಿ ಡಿಸ್ಕನ್ನೇ ಬದಲಾಯಿಸಿಕೊಟ್ಟಾಗ ಹಳೆಯ ಡಿಸ್ಕ್ ಬಹುತೇಕ ತಯಾರಕರ ಪಾಲಾಗುತ್ತದೆ, ಅದರೊಳಗಿದ್ದ ಮಾಹಿತಿಯ ಸಮೇತ. ನಮ್ಮ ಪಾಲಿಗೆ ಕೆಟ್ಟುಹೋದ ಡಿಸ್ಕ್ ಸರಿಯಾದ ಉಪಕರಣವಿರುವವರ ಪಾಲಿಗೆ ಓದಬಲ್ಲ ಡಿಸ್ಕೇ ಆಗಿರಬಹುದು. ಕೆಲವು ತಯಾರಕರು ಹೆಚ್ಚುವರಿ ಹಣ ಪಡೆದು ಹಳೆಯ ಡಿಸ್ಕನ್ನು ಗ್ರಾಹಕರ ಬಳಿಯೇ ಬಿಡುತ್ತಾರೆ. ಈ ಸೌಲಭ್ಯ ನಿಮ್ಮ ವಾರಂಟಿಯಲ್ಲಿದೆಯೇ ಎಂಬುದನ್ನು ಯಂತ್ರವನ್ನು ಕೊಡುವ ದಿನವೇ ಕೇಳಬೇಕು, ಏಕೆಂದರೆ ಹೊಸ ಡಿಸ್ಕ್ ಕೂತ ಯಂತ್ರ ನಿಮ್ಮ ಕೈಗೆ ಬರುವಷ್ಟರಲ್ಲಿ ಹಳೆಯದು ಆಗಲೇ ಅಲ್ಲಿಂದ ಸಾಗಿಹೋಗಿರುತ್ತದೆ.